ಇಪ್ಪತ್ತೊಂದೂವರೆ ಸೆಂಟ್ ಎಲ್ಲಿ ಹೋಗುತ್ತದೆ?

(ತಂಬೂರಿ, ಹಾರ್ಮೋನಿಯಂ, ವೀಣೆಗಳ ಪ್ರಾತ್ಯಕ್ಷಿಕೆಯೊಂದಿಗೆ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲೆ ತಂಬೂರಿ, ಹಾರ್ಮೋನಿಯಂ, ವೀಣೆ ಮೂರೂ ಇವೆ. ತಂಬೂರಿಯ ಷಡ್ಜವನ್ನು ಹಾರ್ಮೋನಿಯಂನ ಷಡ್ಜಕ್ಕೆ ಕೂಡಿಸಿ ಇಟ್ಟಿದೆ. ತಂಬೂರಿ ಮೀಟುತ್ತಿರುವಾಗಲೇ ಹಾರ್ಮೋನಿಯಂನಲ್ಲಿ ಪಂಚಮದ ಮನೆಯನ್ನು ಒತ್ತಿ ಹಿಡಿಯೋಣ. ನಾದ ಕೂಡಿಕೊಂಡಿತು. ಬಹಳ ಕಿವಿಗೊಟ್ಟವರಿಗೆ ಮಾತ್ರ ಯಾರೋ ನಿಧಾನವಾಗಿ ಉಸಿರಾಡಿದ ಹಾಗೆ ಸಣ್ಣ ಏರಿಳಿತ ಗೊತ್ತಾಗಬಹುದು. ಪಂಚಮ ಬಿಟ್ಟು ಅಂತರ ಗಾಂಧಾರ, ಅಂದರೆ ಎರಡು ಗಾಂಧಾರಗಳಲ್ಲಿ ಎತ್ತರದ್ದನ್ನು, ಒತ್ತೋಣ. ಈಗ ಕಿವಿಗೊಡುವ ಕೆಲಸವೇ ಇಲ್ಲ, ಆ ನಡುಕ ಹಿಂದಿನ ಸಾಲಿಗೂ ಕೇಳುತ್ತದೆ. ಹಾರ್ಮೋನಿಯಂ ಕೆಟ್ಟಿಲ್ಲ. ಅದನ್ನು ಶ್ರುತಿ ಮಾಡಿದವರು ತಪ್ಪೂ ಮಾಡಿಲ್ಲ. ಅವರ ಲೆಕ್ಕದ ಪ್ರಕಾರ ಗಾಂಧಾರ ಎಲ್ಲಿರಬೇಕೋ ಅಲ್ಲೇ ಇದೆ. ತಂಬೂರಿಯ ಲೆಕ್ಕ ಬೇರೆ, ಅಷ್ಟೆ.

ಎರಡೂ ಲೆಕ್ಕಗಳನ್ನು ಒಮ್ಮೆ ಬರೆದು ನೋಡೋಣ. ಸುಲಭವಾಗಲಿ ಎಂದು ಷಡ್ಜ 240 ಹರ್ಟ್ಸ್ ಎಂದಿಟ್ಟುಕೊಳ್ಳಿ. ತಂತಿ ಮಿಡಿದಾಗ 240 ಒಂದೇ ಹುಟ್ಟುವುದಿಲ್ಲ, ಅದರ ಜೊತೆಗೆ 480, 720, 960, 1200 ಹೀಗೆ ಉಪಸ್ವರಗಳೂ ಹುಟ್ಟುತ್ತವೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲು ಸಿಕ್ಕಿಸುವುದೇ ಈ ಉಪಸ್ವರಗಳು ಎದ್ದು ಕೇಳಲಿ ಎಂದು. 240ನ್ನೇ ಮೊದಲನೆಯದೆಂದು ಎಣಿಸಿದರೆ ಐದನೆಯ ಉಪಸ್ವರವಾದ 1200 ಎಂಬುದು ಎರಡು ಸ್ಥಾಯಿ (ಕಂಪನ ಇಮ್ಮಡಿಯಾದರೆ ಒಂದು ಸ್ಥಾಯಿ) ಮೇಲಿನ ಗಾಂಧಾರ. ಯಾರೂ ಗಾಂಧಾರಕ್ಕೆ ತಂತಿ ಕಟ್ಟದಿದ್ದರೂ ಒಳ್ಳೆಯ ತಂಬೂರಿಯಲ್ಲಿ ಗಾಂಧಾರ ಕೇಳುವುದು ಇದರಿಂದಲೇ. ಎರಡು ಸ್ಥಾಯಿ ಕೆಳಗಿಳಿಸಿದರೆ 300. ಅಂದರೆ ಷಡ್ಜ–ಗಾಂಧಾರದ ಸಹಜ ಅನುಪಾತ 5/4, ಷಡ್ಜ–ಪಂಚಮದ್ದು 3/2.

ಹಾರ್ಮೋನಿಯಂನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ್ದಾರೆ. ಇಲ್ಲಿ ಸಮ ಎಂದರೆ ಗುಣಿಸುವುದರಲ್ಲಿ ಸಮ: ಪ್ರತಿ ಮನೆಗೂ ಹಿಂದಿನ ಮನೆಯ 1.059463 ಪಟ್ಟು ಕಂಪನ, ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ 2. ನಾಲ್ಕು ಮನೆ ಮೇಲಿನ ಗಾಂಧಾರ 302.38 ಹರ್ಟ್ಸ್‌ಗೆ ಬರುತ್ತದೆ. ಅದರ ನಾಲ್ಕನೆಯ ಉಪಸ್ವರ 1209.5, ಷಡ್ಜದ ಐದನೆಯ ಉಪಸ್ವರ 1200. ಇವೆರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಸುಮಾರು ಒಂಬತ್ತೂವರೆ ಸಲ ನಾದ ಏರಿ ಇಳಿಯುತ್ತದೆ. ಭೌತಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ವಿಸ್ಪಂದ ಎಂದು ಹೆಸರು. ನಾವು ಅಲೆ ಅನ್ನೋಣ. ಪಂಚಮದಲ್ಲಿ ಇದೇ ಲೆಕ್ಕ ಹಾಕಿದರೆ 720ಕ್ಕೆ ಎದುರಾಗಿ 719.19, ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಅಲೆ. ಆಗ ಕೇಳಿದ ನಿಧಾನದ ಉಸಿರಾಟ ಅದೇ. ಷಡ್ಜವನ್ನು ಒಂದು ಸ್ಥಾಯಿ ಕೆಳಗಿಟ್ಟುಕೊಂಡರೆ ಅಲೆಗಳೂ ಅರ್ಧಕ್ಕಿಳಿಯುತ್ತವೆ. ಎತ್ತರದ ಶ್ರುತಿಯಲ್ಲಿ ಹಾಡುವವರಿಗೆ ಹಾರ್ಮೋನಿಯಂನ ಗಾಂಧಾರ ಹೆಚ್ಚು ಚುಚ್ಚುವುದು ಇದಕ್ಕೇ. ತಪ್ಪಿನ ಪ್ರಮಾಣ ಅಷ್ಟೇ ಇದ್ದರೂ ಅಲೆಗಳು ಹೆಚ್ಚುತ್ತವೆ.

ಹರ್ಟ್ಸ್‌ನಲ್ಲಿ ಮಾತಾಡುತ್ತಾ ಹೋದರೆ ಷಡ್ಜ ಬದಲಾದಾಗಲೆಲ್ಲ ಲೆಕ್ಕವೂ ಬದಲಾಗುತ್ತದೆ. ಅದಕ್ಕೆ 1880ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ ಬಳಕೆಗೆ ತಂದ ಸೆಂಟ್ ಎಂಬ ಅಳತೆ ಅನುಕೂಲ. ಒಂದು ಸ್ಥಾಯಿಗೆ 1200 ಸೆಂಟ್, ಹಾರ್ಮೋನಿಯಂನ ಒಂದು ಮನೆಗೆ 100. ಅನುಪಾತದ ಎರಡರ ಆಧಾರದ ಲಾಗರಿದಮ್ ತೆಗೆದು 1200ರಿಂದ ಗುಣಿಸಿದರೆ ಸೆಂಟ್ ಸಿಗುತ್ತದೆ. ಸಹಜ ಪಂಚಮ 701.96, ಹಾರ್ಮೋನಿಯಂನದು 700. ಸಹಜ ಅಂತರ ಗಾಂಧಾರ 386.31, ಹಾರ್ಮೋನಿಯಂನದು 400. ಸಾಧಾರಣ ಗಾಂಧಾರ, ಅಂದರೆ ಹಿಂದೂಸ್ತಾನಿಯವರ ಕೋಮಲ ಗಾಂಧಾರ, 6/5ರಂತೆ 315.64, ಹಾರ್ಮೋನಿಯಂನಲ್ಲಿ 300. ಪಂಚಮದಲ್ಲಿ ಎರಡು ಸೆಂಟ್ ಕಡಿಮೆ, ಅಂತರ ಗಾಂಧಾರದಲ್ಲಿ ಹದಿನಾಲ್ಕು ಹೆಚ್ಚು, ಸಾಧಾರಣದಲ್ಲಿ ಹದಿನಾರು ಕಡಿಮೆ. ಷಡ್ಜ–ಪಂಚಮಗಳಲ್ಲಿ ಹನ್ನೆರಡರ ಪದ್ಧತಿಗೆ ಬೈಯಲು ಏನೂ ಇಲ್ಲ. ತಕರಾರು ಇರುವುದು ಗಾಂಧಾರದಲ್ಲಿ, ಅದರ ಜೊತೆಗಾರರಾದ ಧೈವತ, ನಿಷಾದಗಳಲ್ಲಿ.

ಹಾಗಾದರೆ ಎಲ್ಲವನ್ನೂ ಸಹಜ ಅನುಪಾತಕ್ಕೇ ಇಟ್ಟುಬಿಡಬಹುದಲ್ಲ? ತೊಂದರೆ ಇಲ್ಲೇ ಶುರುವಾಗುವುದು. ಷಡ್ಜದಿಂದ ಪಂಚಮಕ್ಕೆ, ಆ ಪಂಚಮವನ್ನೇ ಷಡ್ಜವೆಂದುಕೊಂಡು ಅದರ ಪಂಚಮವಾದ ರಿಷಭಕ್ಕೆ, ಅಲ್ಲಿಂದ ಧೈವತಕ್ಕೆ, ಅಲ್ಲಿಂದ ಗಾಂಧಾರಕ್ಕೆ ಹೋಗಿ. ನಾಲ್ಕು ಹೆಜ್ಜೆ, ಎಲ್ಲವೂ ಶುದ್ಧ 3/2. ಸಿಕ್ಕಿದ್ದನ್ನು ಎರಡು ಸ್ಥಾಯಿ ಇಳಿಸಿದರೆ 81/64, ಅಂದರೆ 407.82 ಸೆಂಟ್. ತಂಬೂರಿ ಕೊಡುವ ಗಾಂಧಾರವೋ 386.31. ನಡುವಿನ ವ್ಯತ್ಯಾಸ 21.51 ಸೆಂಟ್, ಅನುಪಾತದಲ್ಲಿ 81/80. ನಮ್ಮಲ್ಲಿ ಇದನ್ನು ಪ್ರಮಾಣ ಶ್ರುತಿ ಎಂದು ಗುರುತಿಸುವುದು ರೂಢಿ. ಮೂರನ್ನು ಎಷ್ಟು ಸಲ ಗುಣಿಸಿದರೂ ಐದರ ಅಥವಾ ಎರಡರ ಘಾತ ಆಗುವುದಿಲ್ಲ, ಹಾಗಾಗಿ ಈ ಅಂತರವನ್ನು ಇಲ್ಲವಾಗಿಸಲು ಯಾರಿಂದಲೂ ಆಗದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತದೆ. ಮನೆ ಮನೆ ಶ್ರುತಿ ಮಾಡುವ ಪದ್ಧತಿಗಳೆಲ್ಲ ಈ ಇಪ್ಪತ್ತೊಂದೂವರೆ ಸೆಂಟನ್ನು ಎಲ್ಲಿ ಇಡುವುದು ಎಂಬ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಹನ್ನೆರಡರ ಉತ್ತರ ಹೀಗಿದೆ. ಪ್ರತಿ ಪಂಚಮವನ್ನೂ 1.955 ಸೆಂಟ್ ತಗ್ಗಿಸು. ನಾಲ್ಕು ಪಂಚಮಗಳಲ್ಲಿ ಒಟ್ಟು 7.82 ತಗ್ಗಿ, ಗಾಂಧಾರ 407.82ರಿಂದ ನೇರ 400ಕ್ಕೆ ಇಳಿಯುತ್ತದೆ. ಇನ್ನೂ 13.69 ಬಾಕಿ ಉಳಿಯಿತು, ಕಿವಿಗೆ ಬಡಿದ ನಡುಕ ಅದೇ ಬಾಕಿ. ಪ್ರತಿಯಾಗಿ ಸಿಗುವುದು ಸಣ್ಣದಲ್ಲ. ಹನ್ನೆರಡು ಶುದ್ಧ ಪಂಚಮ ಸುತ್ತಿದರೆ 8423.46 ಸೆಂಟ್, ಏಳು ಸ್ಥಾಯಿಗೆ 8400, ಆ 23.46ನ್ನು ಹನ್ನೆರಡು ಪಾಲು ಮಾಡಿದ್ದೇ ಈ 1.955. ಹಾಗಾಗಿ ಸುತ್ತು ಸರಿಯಾಗಿ ಕೂಡುತ್ತದೆ, ಯಾವ ಮನೆಯನ್ನು ಬೇಕಾದರೂ ಷಡ್ಜ ಮಾಡಿಕೊಳ್ಳಬಹುದು. ಚೀನಾದ ಮಿಂಗ್ ರಾಜಮನೆತನದ ಝು ಝೈಯು 1584ರಲ್ಲೇ ಈ ಹನ್ನೆರಡು ಸಮಭಾಗದ ಸಂಖ್ಯೆಗಳನ್ನು ನಿಖರವಾಗಿ ಲೆಕ್ಕಹಾಕಿದ್ದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನೆದರ್ಲೆಂಡಿನ ಸೈಮನ್ ಸ್ಟೆವಿನ್ ಕೂಡ ಸ್ವತಂತ್ರವಾಗಿ ಈ ದಾರಿ ಹಿಡಿದ.

ಹನ್ನೆರಡೇ ಏಕೆ, ಹತ್ತೋ ಹದಿನೈದೋ ಏಕಲ್ಲ ಎಂದು ಕೇಳುವವರಿಗೆ ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ: ಪಂಚಮಕ್ಕೆ 0.58496, ಅಂತರ ಗಾಂಧಾರಕ್ಕೆ 0.32193, ಸಾಧಾರಣ ಗಾಂಧಾರಕ್ಕೆ 0.26303. ಇವು ಆಯಾ ಅನುಪಾತಗಳ ಎರಡರ ಆಧಾರದ ಲಾಗರಿದಮ್‌ಗಳು. ಸ್ಥಾಯಿಯನ್ನು ಎಷ್ಟು ಭಾಗ ಮಾಡಬೇಕೆಂದಿದ್ದೀರೋ ಆ ಸಂಖ್ಯೆಯಿಂದ ಮೂರನ್ನೂ ಗುಣಿಸಿ. ಉತ್ತರ ಪೂರ್ಣಾಂಕಕ್ಕೆ ಎಷ್ಟು ಹತ್ತಿರವೋ ಸ್ವರ ಅಷ್ಟು ಹತ್ತಿರ. ಹನ್ನೆರಡರಿಂದ ಗುಣಿಸಿದರೆ 7.020, 3.863, 3.156. ಮೊದಲನೆಯದು ಏಳಕ್ಕೆ ಅಂಟಿಕೊಂಡಿದೆ, ಉಳಿದೆರಡು ಅಷ್ಟಿಲ್ಲ.

ಇಲ್ಲಿ ಎರಡು ಕಡೆ ಎಡವುವುದುಂಟು. ಒಂದು, ಉಳಿದ ದಶಮಾಂಶವನ್ನು ಹಾಗೇ ಹೋಲಿಸುವುದು. ಅದನ್ನು ಒಂದು ಭಾಗದ ಅಳತೆಯಿಂದ ಗುಣಿಸಿದರೆ ಮಾತ್ರ ಸೆಂಟ್ ಬರುತ್ತದೆ; ಹನ್ನೆರಡರಲ್ಲಿ ಭಾಗಕ್ಕೆ 100 ಸೆಂಟ್, 31ರಲ್ಲಿ 38.7 ಮಾತ್ರ. ಎರಡು, ಮೂರನ್ನೂ ಬೇರೆ ಬೇರೆಯಾಗಿ ಪೂರ್ಣಾಂಕ ಮಾಡಿ ಸುಮ್ಮನಾಗುವುದು. ಅಂತರ ಗಾಂಧಾರದ ಮೇಲೆ ಸಾಧಾರಣದಷ್ಟು ಅಂತರ ಸೇರಿಸಿದರೆ ಪಂಚಮ ಬರಲೇಬೇಕು, ಏಕೆಂದರೆ 5/4ನ್ನು 6/5ರಿಂದ ಗುಣಿಸಿದರೆ 3/2. ಹದಿನೇಳು ಭಾಗ ಮಾಡಿ ನೋಡಿ: 9.944, 5.473, 4.472. ಪಂಚಮ ಹತ್ತನೆಯ ಮನೆ, ಗಾಂಧಾರಗಳು ಐದು ಮತ್ತು ನಾಲ್ಕು. ಐದು ನಾಲ್ಕು ಕೂಡಿದರೆ ಒಂಬತ್ತು. ಪಂಚಮ ಒಂದು ಕಡೆ, ಗಾಂಧಾರಗಳ ಮೊತ್ತ ಇನ್ನೊಂದು ಕಡೆ. ಪಂಚಮ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಹದಿನೇಳು ಬಾರದು. ಇಪ್ಪತ್ನಾಲ್ಕನ್ನೂ ಈಗಲೇ ಬದಿಗಿಡೋಣ. ಪ್ರತಿ ಮನೆಯನ್ನು ಎರಡಾಗಿ ಸೀಳಿದರೆ ಸೂಕ್ಷ್ಮವಾಗುತ್ತದೆ ಎಂಬ ಊಹೆ ಸಹಜ. ಆದರೆ 386ಕ್ಕೆ ಹತ್ತಿರದ ಮನೆ ಆಗಲೂ 400ರದೇ, ಅದರ ಕೆಳಗಿನದು 350. ಮನೆಗಳು ಎರಡರಷ್ಟಾದವು, ಗಾಂಧಾರ ಕೂದಲಷ್ಟೂ ಸುಧಾರಿಸಲಿಲ್ಲ.

ಹತ್ತೊಂಬತ್ತರಲ್ಲಿ 11.114, 6.117, 4.998. ಸಾಧಾರಣ ಗಾಂಧಾರ ಸಹಜಕ್ಕೆ 0.15 ಸೆಂಟ್ ಅಂತರದಲ್ಲಿ ಕೂರುತ್ತದೆ. ಅಂತರ ಗಾಂಧಾರ ಈಗ 7.4 ಕಡಿಮೆ, ಪಂಚಮ 7.2 ಕಡಿಮೆ. 240ರ ಷಡ್ಜದ ಮೇಲೆ ಈ ಪಂಚಮಕ್ಕೆ ಸೆಕೆಂಡಿಗೆ ಮೂರು ಅಲೆ. ತಂಬೂರಿಯ ಪಂಚಮದ ತಂತಿ ಪಕ್ಕದಲ್ಲೇ ಮಿಡಿಯುತ್ತಿರುವಾಗ ಇದನ್ನು ಸಹಿಸುವುದು ಕಷ್ಟ.

ಮೂವತ್ತೊಂದರದು ಸೊಗಸಾದ ಕಥೆ. ಹದಿನಾರು, ಹದಿನೇಳನೆಯ ಶತಮಾನದ ಯೂರೋಪಿನ ಆರ್ಗನ್‌ಗಳಲ್ಲಿ ಗಾಂಧಾರಕ್ಕೆ ಮರ್ಯಾದೆ ಹೆಚ್ಚು. ಪ್ರಮಾಣ ಶ್ರುತಿಯನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಂಚಮವನ್ನೂ 5.38 ಸೆಂಟ್ ತಗ್ಗಿಸುತ್ತಿದ್ದರು. ನಾಲ್ಕು ಪಂಚಮಕ್ಕೆ ಪೂರಾ 21.51 ತಗ್ಗಿ ಗಾಂಧಾರ ಶುದ್ಧ 5/4 ಆಗುತ್ತಿತ್ತು. ಬೆಲೆ ತೆರುತ್ತಿದ್ದುದು ಸುತ್ತಿನ ಕೊನೆಯಲ್ಲಿ: ಹನ್ನೊಂದು ಪಂಚಮ ಹೀಗೆ ಕಟ್ಟಿದ ಮೇಲೆ ಉಳಿದ ಹನ್ನೆರಡನೆಯದು 737 ಸೆಂಟ್ ದಾಟಿ ಊಳಿಡುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರೇ ತೋಳ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1691ರಲ್ಲಿ ತೋರಿಸಿಕೊಟ್ಟಿದ್ದು ಏನೆಂದರೆ, ಸ್ಥಾಯಿಯನ್ನು 31 ಸಮಭಾಗ ಮಾಡಿದರೆ ಪಂಚಮ 5.18 ಸೆಂಟ್ ಮಾತ್ರ ತಗ್ಗುತ್ತದೆ, ಗಾಂಧಾರ 0.78 ಮಾತ್ರ ಹೆಚ್ಚುತ್ತದೆ, ಮತ್ತು ಸುತ್ತು ಪೂರ್ತಿ ಕೂಡುವುದರಿಂದ ತೋಳಕ್ಕೆ ಜಾಗವೇ ಇರುವುದಿಲ್ಲ. ಏಳನೆಯ ಉಪಸ್ವರ ಕೊಡುವ 7/4 ಕೂಡ ಇಲ್ಲಿ ಒಂದು ಸೆಂಟಿನಷ್ಟೇ ದೂರ. ಹೈಗೆನ್ಸ್‌ನ ನಾಡಿನವರೇ ಆದ ಭೌತವಿಜ್ಞಾನಿ ಆಡ್ರಿಯಾನ್ ಫೋಕರ್ ಇದೇ ಲೆಕ್ಕದ ಆರ್ಗನ್ ಕಟ್ಟಿಸಿದರು. 1950ರಲ್ಲಿ ಅದನ್ನು ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂನಲ್ಲಿ ಇಟ್ಟರು.

12, 19, 31 ಮೂರರಲ್ಲೂ ಒಂದು ಸಮಾನ ಗುಣವಿದೆ. ನಾಲ್ಕು ಪಂಚಮ ಹತ್ತಿ ಎರಡು ಸ್ಥಾಯಿ ಇಳಿದರೆ ಸಿಗುವ ಮನೆಯೂ ಗಾಂಧಾರದ ಮನೆಯೂ ಒಂದೇ. ಅಂದರೆ ಇವು ಪ್ರಮಾಣ ಶ್ರುತಿಯನ್ನು ನುಂಗಿಬಿಡುತ್ತವೆ. ಪಾಶ್ಚಾತ್ಯ ಸಂಗೀತಕ್ಕೆ ಇದು ಅನಿವಾರ್ಯ ಕೂಡ. ಷಡ್ಜದ ಮೇಲೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು, ಅಲ್ಲಿಂದ ಧೈವತಕ್ಕೆ, ರಿಷಭಕ್ಕೆ, ಪಂಚಮಕ್ಕೆ, ಮತ್ತೆ ಷಡ್ಜಕ್ಕೆ ಬರುವ ಸಾಮಾನ್ಯ ಸುತ್ತೊಂದಿದೆ. ಪ್ರತಿ ಬದಲಾವಣೆಯಲ್ಲೂ ಹಿಂದಿನ ಕಾರ್ಡಿನ ಸ್ವರವೊಂದನ್ನು ಕದಲಿಸದೆ ಸಹಜ ಅನುಪಾತದಲ್ಲೇ ಹೋದರೆ, ಧೈವತ 5/3, ಅದರಿಂದ ಪಂಚಮ ಇಳಿದ ರಿಷಭ 10/9, ಅದರಿಂದ ಸಿಗುವ ಪಂಚಮ 40/27, ಮರಳಿ ಬಂದ ಷಡ್ಜ 80/81. ಒಂದು ಸುತ್ತಿಗೆ ಪಕ್ಕವಾದ್ಯವೆಲ್ಲ ಸೇರಿ 21.5 ಸೆಂಟ್ ಕೆಳಗೆ ಜಾರಿರುತ್ತದೆ, ಹತ್ತು ಸುತ್ತಿಗೆ ಒಂದು ಪೂರ್ತಿ ರಿಷಭದಷ್ಟು. ಅವರಿಗೆ ನುಂಗದೆ ಗತಿಯಿಲ್ಲ.

ನಮ್ಮಲ್ಲಿ ಷಡ್ಜ ಕದಲುವುದೇ ಇಲ್ಲ. ತಂಬೂರಿ ಅದನ್ನು ಗೂಟಕ್ಕೆ ಕಟ್ಟಿ ಹಾಕಿರುತ್ತದೆ. ಹಾಗಾಗಿ ಪ್ರಮಾಣ ಶ್ರುತಿಯನ್ನು ಬಚ್ಚಿಡುವ ಅಗತ್ಯವೂ ನಮಗಿಲ್ಲ. 9/8ರ ರಿಷಭ, 10/9ರ ರಿಷಭ ಎರಡೂ ಬೇರೆ ಬೇರೆಯಾಗಿಯೇ ಇರಲಿ ಎನ್ನಬಹುದು. ಅಂಥವರಿಗೆ ಸರಿಹೊಂದುವ ಸಮಭಾಗ 53. ಪರೀಕ್ಷೆಗೆ ಒಡ್ಡಿದರೆ 31.003, 17.062, 13.941. ಒಂದು ಭಾಗಕ್ಕೆ 22.64 ಸೆಂಟ್. ಪಂಚಮದ ತಪ್ಪು 0.07 ಸೆಂಟ್, ಅಂದರೆ 240ರ ಷಡ್ಜದ ಮೇಲೆ ಒಂದು ಅಲೆ ಬಂದು ಹೋಗಲು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಅಂತರ ಗಾಂಧಾರ 1.41 ಕಡಿಮೆ, ಸಾಧಾರಣ 1.34 ಹೆಚ್ಚು. ಇಲ್ಲಿ ನಾಲ್ಕು ಪಂಚಮ ಹತ್ತಿ ಇಳಿದರೆ ಹದಿನೆಂಟನೆಯ ಮನೆಗೆ ಬರುತ್ತೇವೆ, ತಂಬೂರಿಯ ಗಾಂಧಾರ ಇರುವುದು ಹದಿನೇಳರಲ್ಲಿ. ಆ ಒಂದು ಮನೆಯೇ ಪ್ರಮಾಣ ಶ್ರುತಿ. 53 ಪಂಚಮಗಳು 31 ಸ್ಥಾಯಿಗೆ ಹತ್ತಿರ ಹತ್ತಿರ ಕೂಡುತ್ತವೆಂಬುದನ್ನು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲೇ ಚೀನಾದ ಜಿಂಗ್ ಫಾಂಗ್ ಗಮನಿಸಿದ್ದ. 1870ರ ದಶಕದಲ್ಲಿ ಇಂಗ್ಲೆಂಡಿನ ಬೋಸಾಂಕೆ ಇದೇ ಲೆಕ್ಕದ ಹಾರ್ಮೋನಿಯಂ ಮಾಡಿಸಿದ. ತುರ್ಕಿಯ ಸಂಗೀತಶಾಸ್ತ್ರದಲ್ಲಿ ಪೂರ್ಣ ಸ್ವರವನ್ನು ಒಂಬತ್ತು ಭಾಗ ಮಾಡಿ ಎಣಿಸುವ ರೂಢಿ ಇಂದಿಗೂ ಇದೆ, ಅದರ ಹಿಂದಿರುವುದೂ 53ರ ಲೆಕ್ಕ.

ಇಷ್ಟಾದ ಮೇಲೆ ಸಭೆಯಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ: ನಮ್ಮ ಇಪ್ಪತ್ತೆರಡು ಶ್ರುತಿ ಏನಾಯಿತು? ಮೊದಲು ಒಂದು ತಪ್ಪು ಕಲ್ಪನೆ ತೆಗೆಯೋಣ. ಇಪ್ಪತ್ತೆರಡು ಶ್ರುತಿ ಎಂದರೆ ಇಪ್ಪತ್ತೆರಡು ಸಮಭಾಗ ಅಲ್ಲ. ನಾಟ್ಯಶಾಸ್ತ್ರದ ಭರತ ಹೇಳುವುದು ಷಡ್ಜಕ್ಕೆ 4, ರಿಷಭಕ್ಕೆ 3, ಗಾಂಧಾರಕ್ಕೆ 2, ಮಧ್ಯಮ ಪಂಚಮಗಳಿಗೆ ತಲಾ 4, ಧೈವತಕ್ಕೆ 3, ನಿಷಾದಕ್ಕೆ 2 ಎಂಬ ಎಣಿಕೆ. ಅನುಪಾತಗಳನ್ನು ಅವನು ಕೊಟ್ಟಿಲ್ಲ. ಸಮಭಾಗವೆಂದು ತೆಗೆದುಕೊಂಡರೆ ಹದಿಮೂರು ಶ್ರುತಿಯ ಪಂಚಮ 709.1 ಸೆಂಟ್ ಆಗುತ್ತದೆ, ಏಳು ಸೆಂಟ್ ಹೆಚ್ಚು. ತಂಬೂರಿ ಶ್ರುತಿ ಮಾಡಬಲ್ಲ ಯಾರೂ ಅದನ್ನು ಒಪ್ಪುವುದಿಲ್ಲ. ಇಪ್ಪತ್ತನೆಯ ಶತಮಾನದ ಶ್ರುತಿಪಟ್ಟಿಗಳಲ್ಲಿ ಹೆಚ್ಚು ಚಲಾವಣೆಯಲ್ಲಿರುವ ವ್ಯಾಖ್ಯಾನ ಬೇರೆ. ಅದರಲ್ಲಿ ಶ್ರುತಿಗಳು ಮೂರು ಅಳತೆಯವು: 21.51 ಸೆಂಟಿನ 81/80 ಹತ್ತು, 70.67 ಸೆಂಟಿನ 25/24 ಐದು, 90.22 ಸೆಂಟಿನ 256/243 ಏಳು. ಕೂಡಿ ನೋಡಿದರೆ 1200. ಈ ಮೂರು ಅಳತೆಗಳು 53ರಲ್ಲಿ ಕ್ರಮವಾಗಿ ಒಂದು, ಮೂರು, ನಾಲ್ಕು ಮನೆಗಳು: ಹತ್ತು, ಹದಿನೈದು, ಇಪ್ಪತ್ತೆಂಟು, ಒಟ್ಟು 53. ಭರತನಿಗೆ 53 ಗೊತ್ತಿತ್ತು ಎಂದು ಇದರಿಂದ ಯಾರೂ ಹಾರಿ ಕೂರಬೇಕಿಲ್ಲ. ಎರಡೂ 3 ಮತ್ತು 5ರಿಂದ ಕಟ್ಟಿದ್ದರಿಂದ ಲೆಕ್ಕ ಕೂಡಿತು, ಅಷ್ಟೆ. ಹಾಡುವವರ ಗಂಟಲು ಈ ಪಟ್ಟಿಗಳ ಮಾತು ಎಷ್ಟು ಕೇಳುತ್ತದೆ ಎಂಬುದೂ ಬೇರೆಯೇ ವಿಷಯ. 1963ರಲ್ಲಿ ಸಂಶೋಧಕರಾದ ಜೈರಾಜ್‌ಭಾಯ್ ಮತ್ತು ಸ್ಟೋನ್ ಉತ್ತರಾದಿಯ ಕಲಾವಿದರ ಸ್ವರಗಳನ್ನು ಯಂತ್ರದಿಂದ ಅಳೆದಾಗ, ಒಂದೇ ಸ್ವರ ಒಂದೇ ಸ್ಥಾನಕ್ಕೆ ಅಂಟಿಕೊಂಡಿರಲಿಲ್ಲ. ಸಹಜ ಅನುಪಾತದ ಮಾತು ನಿಂತ ಸ್ವರಕ್ಕೆ, ತಂಬೂರಿಯೊಂದಿಗೆ ಹಿಡಿದು ನಿಲ್ಲಿಸುವ ಕಡೆಗೆ. ಗಮಕದ ಓಟಕ್ಕೆ ಅಲ್ಲ.

ಈಗ ಕೈಕೆಲಸ. 53 ಮನೆಯ ಹಾರ್ಮೋನಿಯಂ ಯಾರೂ ನುಡಿಸಲಾರರು. ಆದರೆ ಷಡ್ಜ ಒಂದೇ ಕಡೆ ನಿಲ್ಲುತ್ತದೆ ಎಂದಾದರೆ ಹನ್ನೆರಡು ಮನೆಯ ಮಾಮೂಲಿ ಪೆಟ್ಟಿಗೆಯನ್ನೇ ಸಹಜ ಶ್ರುತಿಗೆ ತರಬಹುದು. ರೀಡಿನ ಹಿತ್ತಾಳೆ ನಾಲಿಗೆಯ ತುದಿಯನ್ನು ಸವೆಸಿದರೆ ಸ್ವರ ಏರುತ್ತದೆ, ಏಕೆಂದರೆ ತುದಿಯ ತೂಕ ಕಡಿಮೆಯಾಗಿ ಬೇಗ ಆಡುತ್ತದೆ. ರಿವೆಟ್ ಹೊಡೆದ ಬುಡದ ಕಡೆ ಸವೆಸಿದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ನಾಲಿಗೆಯ ಅಡಿಗೆ ತೆಳುವಾದ ಉಕ್ಕಿನ ಹಾಳೆ ತೂರಿಸದೆ ಅರ ಹಾಕಬಾರದು, ಬಾಗಿದರೆ ಆ ರೀಡ್ ಮತ್ತೆ ಸರಿಯಾಗಿ ಮಾತಾಡುವುದಿಲ್ಲ. ಬುಡದಲ್ಲಿ ಅತಿಯಾಗಿ ಸವೆಸಿದ ನಾಲಿಗೆ ಕೆಲವು ತಿಂಗಳಲ್ಲಿ ಮುರಿಯಬಹುದು. ತುಂಬ ಇಳಿಸಬೇಕಾದ ಕಡೆ ತುದಿಗೆ ಚೂರು ಬೆಸುಗೆ ಸೀಸ ಹಾಕುವುದು ಮೇಲು.

ಸಮಭಾಗದ ಪೆಟ್ಟಿಗೆಯಿಂದ ಹೊರಟರೆ ಪ್ರತಿ ಮನೆಯನ್ನು ಸರಿಸಬೇಕಾದ ಸೆಂಟ್ ಹೀಗೆ:

ಶುದ್ಧ ರಿಷಭ (16/15) 11.7 ಏರಿಸಿ
ಚತುಶ್ರುತಿ ರಿಷಭ (9/8) 3.9 ಏರಿಸಿ
ಸಾಧಾರಣ ಗಾಂಧಾರ (6/5) 15.6 ಏರಿಸಿ
ಅಂತರ ಗಾಂಧಾರ (5/4) 13.7 ಇಳಿಸಿ
ಶುದ್ಧ ಮಧ್ಯಮ (4/3) 2 ಇಳಿಸಿ
ಪ್ರತಿ ಮಧ್ಯಮ (45/32) 9.8 ಇಳಿಸಿ
ಪಂಚಮ (3/2) 2 ಏರಿಸಿ
ಶುದ್ಧ ಧೈವತ (8/5) 13.7 ಏರಿಸಿ
ಚತುಶ್ರುತಿ ಧೈವತ (5/3) 15.6 ಇಳಿಸಿ
ಕೈಶಿಕಿ ನಿಷಾದ (16/9) 3.9 ಇಳಿಸಿ
ಕಾಕಲಿ ನಿಷಾದ (15/8) 11.7 ಇಳಿಸಿ

ಶ್ರುತಿ ಅಳೆಯುವ ಯಂತ್ರ ನೋಡಿಕೊಂಡು ಮೂರು ನಾಲ್ಕು ಸೆಂಟ್ ಹತ್ತಿರಕ್ಕೆ ತಂದು ನಿಲ್ಲಿಸಿ, ಕೊನೆಯ ಕೆಲಸ ಕಿವಿಗೆ ಬಿಡಿ. ಅರ ಹಾಕಿದ ನಾಲಿಗೆ ಬಿಸಿಯಾಗಿ ಸ್ವಲ್ಪ ಇಳಿದಿರುತ್ತದೆ, ಆರಲು ಸಮಯ ಕೊಟ್ಟು ಮತ್ತೆ ಕೇಳಿ. ಪೆಟ್ಟಿಗೆ ಮುಚ್ಚಿ, ಹಾಡಿಗೆ ನುಡಿಸುವಷ್ಟೇ ಗಾಳಿ ಹಾಕಿ ಕೇಳಿ. ಜೋರಾಗಿ ತಿದಿಯೊತ್ತಿದರೆ ರೀಡಿನ ಸ್ವರ ಬದಲಾಗುತ್ತದೆ. ಕ್ರಮ ಹೀಗಿರಲಿ. ಷಡ್ಜದಿಂದ ಪಂಚಮ, ಮಧ್ಯಮ, ಅಂತರ ಗಾಂಧಾರಗಳನ್ನು ಅಲೆ ನಿಲ್ಲುವವರೆಗೆ ಕೂಡಿಸಿ. ಪಂಚಮದಿಂದ ರಿಷಭ, ಗಾಂಧಾರದಿಂದ ಕಾಕಲಿ ನಿಷಾದ, ಮಧ್ಯಮದಿಂದ ಕೈಶಿಕಿ ನಿಷಾದ. ಧೈವತವನ್ನು ಮಧ್ಯಮದ ಗಾಂಧಾರವೆಂದು, ಪ್ರತಿ ಮಧ್ಯಮವನ್ನು ರಿಷಭದ ಗಾಂಧಾರವೆಂದು ತೆಗೆದುಕೊಳ್ಳಿ. ಉಳಿದ ಮೂರು ತಲೆಕೆಳಗು: ಸಾಧಾರಣ ಗಾಂಧಾರಕ್ಕೆ ಪಂಚಮ, ಶುದ್ಧ ಧೈವತಕ್ಕೆ ಮೇಲಿನ ಷಡ್ಜ, ಶುದ್ಧ ರಿಷಭಕ್ಕೆ ಮಧ್ಯಮ ಅಂತರ ಗಾಂಧಾರವಾಗಬೇಕು. ಅಲೆ ನಿಧಾನವಾಗುತ್ತಾ ನಿಂತು ಮತ್ತೆ ಶುರುವಾದರೆ ಆಚೆ ದಾಟಿದಿರಿ ಎಂದರ್ಥ. ಯಾವ ಕಡೆಗಿದ್ದೇವೆಂದು ಅಲೆ ಹೇಳುವುದಿಲ್ಲ, ಅದಕ್ಕೆ ಯಂತ್ರ ಪಕ್ಕದಲ್ಲಿರಬೇಕು.

ಎಲ್ಲ ಮುಗಿಸಿ ಹೆಮ್ಮೆಯಿಂದ ರಿಷಭ ಧೈವತ ಒಟ್ಟಿಗೆ ಒತ್ತುತ್ತೀರಿ, ತೋಳ ಊಳಿಡುತ್ತದೆ! 270 ಮತ್ತು 400 ಹರ್ಟ್ಸ್, ಸೆಕೆಂಡಿಗೆ ಹತ್ತು ಅಲೆ. ಪಂಚಮ ಆಗಬೇಕಾದ ಅಂತರ 21.5 ಸೆಂಟ್ ಮೋಟಾಗಿದೆ. ಇದು ನಿಮ್ಮ ತಪ್ಪಲ್ಲ, ಹಳೆಯ ಪ್ರಮಾಣ ಶ್ರುತಿ ಇಲ್ಲಿ ಬಂದು ಕೂತಿದೆ. ಇದನ್ನು ಸರಿಮಾಡಹೋಗಿ ಧೈವತ ಏರಿಸಿದವರು ಮುಂದೆ ಗಾಂಧಾರವನ್ನೂ ಏರಿಸುತ್ತಾರೆ, ಆಮೇಲೆ ನಿಷಾದವನ್ನು, ಕೊನೆಗೆ ಹೊರಟಲ್ಲಿಗಿಂತ ಕೆಟ್ಟ ಜಾಗಕ್ಕೆ ಬರುತ್ತಾರೆ. ಅದನ್ನು ಮುಟ್ಟಬೇಡಿ.

ಮಧ್ಯಮ ಶ್ರುತಿಯ ಹಾಡಿಗೆ ಈ ಪೆಟ್ಟಿಗೆ ಬಹುತೇಕ ನಡೆಯುತ್ತದೆ. ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಪಂಚಮ, ರಿಷಭ, ಗಾಂಧಾರ, ಕಾಕಲಿ ನಿಷಾದ ಸರಿ. ಕೈಶಿಕಿ ನಿಷಾದವನ್ನು 16/9ಕ್ಕೆ ಇಟ್ಟಿದ್ದರಿಂದ ಹೊಸ ಮಧ್ಯಮವೂ ಸರಿ, 9/5ಕ್ಕೆ ಇಟ್ಟಿದ್ದರೆ ಕೆಡುತ್ತಿತ್ತು. ಚತುಶ್ರುತಿ ಧೈವತ ಒಂದು ಪ್ರಮಾಣ ಶ್ರುತಿ ಏರಿ 27/16, ಹೊಸ ಕೈಶಿಕಿ ನಿಷಾದ ಅಷ್ಟೇ ಏರಿ 9/5 ಆಗುತ್ತದೆ, ಶುದ್ಧ ರಿಷಭ 92 ಸೆಂಟಿಗೆ ಇಳಿಯುತ್ತದೆ. ಆದರೆ ಭಜನಾ ಮಂಡಳಿಯಲ್ಲಿ ಒಬ್ಬರ ಷಡ್ಜ ಬಿಳಿ ಒಂದು, ಇನ್ನೊಬ್ಬರದು ಕಪ್ಪು ನಾಲ್ಕು ಎಂದರೆ ಈ ಪೆಟ್ಟಿಗೆ ಕೈಕೊಡುತ್ತದೆ. ಸ್ಕೇಲ್ ಚೇಂಜರ್ ಇದ್ದರೆ ಆಯಿತಲ್ಲ ಎಂದುಕೊಂಡರೆ ಅದೂ ಇಲ್ಲ. ಅಲ್ಲಿ ಮನೆಗಳು ಸರಿಯುತ್ತವೆ, ರೀಡುಗಳಲ್ಲ. ಹಾಗಾಗಿ ಎಲ್ಲರಿಗೂ ನುಡಿಸುವವರು ಸಮಭಾಗದಲ್ಲೇ ಇರುವುದು ವಿವೇಕ. ಅವರು ಗಾಂಧಾರ, ಧೈವತ, ಕಾಕಲಿ ನಿಷಾದಗಳ ಮೇಲೆ ನಿಲ್ಲದೆ ದಾಟಿಹೋಗಬೇಕು, ಗಾಯಕರು ಆ ಸ್ವರ ಹಿಡಿದಾಗ ಷಡ್ಜ ಪಂಚಮಕ್ಕೆ ಸರಿದು ಕೊಡಬೇಕು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟು, 1970ರ ದಶಕದ ಆರಂಭದವರೆಗೂ ಬಾಗಿಲು ತೆರೆಯಲಿಲ್ಲ. ಅದರ ವಿರುದ್ಧ ಇದ್ದ ಎರಡು ದೂರುಗಳಲ್ಲಿ ಸ್ವರಸ್ಥಾನದ ದೂರಿಗೆ ಅರ ಹಿಡಿದು ಉತ್ತರ ಕೊಡಬಹುದು, ಗಮಕ ಬರುವುದಿಲ್ಲ ಎಂಬುದಕ್ಕೆ ಅರದಲ್ಲಿ ಉತ್ತರವಿಲ್ಲ.

ಎಲೆಕ್ಟ್ರಾನಿಕ್ ಕೀಬೋರ್ಡ್ ಇರುವವರಿಗೆ ಕೆಲಸ ಹಗುರ. ಪ್ರತಿ ಮನೆಯನ್ನೂ ಬೇರೆ ಬೇರೆ ಸೆಂಟ್ ಸರಿಸುವ ಸೌಲಭ್ಯವಿದ್ದರೆ ಮೇಲಿನ ಪಟ್ಟಿಯನ್ನೇ ತುಂಬಿ. ಕಂಪ್ಯೂಟರಿನಲ್ಲಿ ಪಿಚ್ ಬೆಂಡ್ (ಸ್ವರವನ್ನು ಏರಿಸಿ ಇಳಿಸುವ ಸೂಚನೆ) ಮೂಲಕ ಮಾಡುವವರು, ಬೆಂಡಿನ ವ್ಯಾಪ್ತಿ ಎರಡು ಮನೆ ಎಂದಿದ್ದರೆ 8192 ಅಂಕಕ್ಕೆ 200 ಸೆಂಟ್ ಎಂದು ಲೆಕ್ಕ ಹಿಡಿಯಬೇಕು. ಅಂತರ ಗಾಂಧಾರಕ್ಕೆ 561 ಅಂಕ ಕೆಳಗೆ. ಬೆಂಡ್ ಇಡೀ ಚಾನೆಲ್‌ಗೆ ಅನ್ವಯಿಸುವುದರಿಂದ ಒಟ್ಟಿಗೆ ನುಡಿಯುವ ಸ್ವರಗಳಿಗೆ ಒಂದೊಂದು ಚಾನೆಲ್ ಬೇಕು. ಇಲ್ಲದಿದ್ದರೆ ಗಾಂಧಾರದ ಜೊತೆ ಷಡ್ಜವೂ ಇಳಿಯುತ್ತದೆ.

ಕೊನೆಯದಾಗಿ ವೀಣೆ. ಮೇಣದ ಮೇಲೆ ಕೂರಿಸಿದ ಇಪ್ಪತ್ನಾಲ್ಕು ಮೆಟ್ಟಿಲು, ಮೇಳ ಕಟ್ಟುವವರು ಕಿವಿಯಿಂದ ಜಾಗ ನಿಶ್ಚಯಿಸುತ್ತಾರೆ. ತಂತಿಯ ಮಿಡಿಯುವ ಉದ್ದ 81 ಸೆಂ.ಮೀ. ಎಂದಿಟ್ಟುಕೊಂಡರೆ, ಸಹಜ ಅಂತರ ಗಾಂಧಾರದ ಮೆಟ್ಟಿಲು ಮೇರುವಿನಿಂದ (ಬಿರಡೆಗಳ ಕಡೆ ತಂತಿ ಹಾಯುವ ಪಟ್ಟಿಯಿಂದ) 16.2 ಸೆಂ.ಮೀ. ದೂರದಲ್ಲಿ, ಸಮಭಾಗದ್ದು 16.7ರಲ್ಲಿ. ಕಣ್ಣಿಗೇ ಕಾಣುವ ಅರ್ಧ ಸೆಂಟಿಮೀಟರ್. ಒತ್ತಿದಾಗ ತಂತಿಯ ಬಿಗಿ ಹೆಚ್ಚಿ ಸ್ವರ ಸ್ವಲ್ಪ ಏರುವುದರಿಂದ ಈ ಅಳತೆಗಳು ಮೊದಲ ಗುರುತಿಗೆ ಮಾತ್ರ, ಕೊನೆಯ ಮಾತು ಕಿವಿಯದೇ. ಮೆಟ್ಟಿಲು ನೇರವಾಗಿ ಷಡ್ಜದ ತಂತಿಯ ಅಡಿಗೂ ಪಂಚಮದ ತಂತಿಯ ಅಡಿಗೂ ಹಾಯುತ್ತದಲ್ಲ, ಒಂದೊಂದು ಮೆಟ್ಟಿಲೂ ಎರಡು ಸ್ವರಕ್ಕೆ ಉತ್ತರ ಕೊಡಬೇಕು. ಆಶ್ಚರ್ಯವೆಂದರೆ ಹೆಚ್ಚಿನವು ಕೊಡುತ್ತವೆ. ಮೊದಲನೆಯದರಲ್ಲಿ 16/15, ಪಂಚಮದ ತಂತಿಯಲ್ಲಿ 8/5. ಮೂರನೆಯದರಲ್ಲಿ 6/5 ಮತ್ತು 9/5, ನಾಲ್ಕನೆಯದರಲ್ಲಿ 5/4 ಮತ್ತು 15/8, ಐದನೆಯದರಲ್ಲಿ ಮಧ್ಯಮ ಮತ್ತು ಷಡ್ಜ. ಆರನೆಯ ಪ್ರತಿ ಮಧ್ಯಮದ ಮೆಟ್ಟಿಲನ್ನು 45/32ಕ್ಕೆ ಕೂರಿಸಿದರೆ ಪಂಚಮದ ತಂತಿಯ ಶುದ್ಧ ರಿಷಭ 92 ಸೆಂಟಿಗೆ ಬಿದ್ದುಹೋಗುತ್ತದೆ, 64/45ಕ್ಕೆ ಕೂರಿಸಿದರೆ ಸರಿಯಾಗುತ್ತದೆ.

ಜಗಳ ಇರುವುದು ಎರಡನೆಯ ಮೆಟ್ಟಿಲಲ್ಲಿ. ಷಡ್ಜದ ತಂತಿಯಲ್ಲಿ 9/8ರ ರಿಷಭಕ್ಕೆ ಮೇರುವಿನಿಂದ 9 ಸೆಂ.ಮೀ., ಆಗ ಪಂಚಮದ ತಂತಿಯ ಧೈವತ 27/16, ಅಂದರೆ 906 ಸೆಂಟ್. ಧೈವತ 5/3 ಆಗಲೆಂದು ಮೆಟ್ಟಿಲನ್ನು 8.1ಕ್ಕೆ ತಂದರೆ ರಿಷಭ 10/9ಕ್ಕೆ ಕುಸಿಯುತ್ತದೆ. ನಡುವೆ ಇಟ್ಟರೆ ಎರಡರಲ್ಲೂ ಹನ್ನೊಂದು ಸೆಂಟ್ ಕಸಿವಿಸಿ. ತಂತಿ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಹಾಗಾಗಿ ಎತ್ತರದ ಜಾಗದಲ್ಲಿ ಕೂರಿಸಿದ ಮೆಟ್ಟಿಲಿನಿಂದ ತಗ್ಗಿನ ಧೈವತ ಬರಿಸಲಾಗದು. ಮಧ್ಯಸ್ಥಾಯಿಯಲ್ಲಿ ತಗ್ಗಿನ ಧೈವತ ಬೇಕಾದಾಗ ಷಡ್ಜದ ತಂತಿಯ ಒಂಬತ್ತನೆಯ ಮೆಟ್ಟಿಲಿದೆ. ಮಂದ್ರದ ಧೈವತಕ್ಕೆ ಒಂದನೆಯ ಮೆಟ್ಟಿಲಿನಿಂದ ತಂತಿ ಎಳೆದು 70 ಸೆಂಟಿನಷ್ಟು ಏರಿಸಿಕೊಳ್ಳಬೇಕು. ಮೇಣದ ಮೇಲೆ ಒಂಬತ್ತು ಮಿಲಿಮೀಟರ್ ಜಾಗ, ಅದೇ 21.5 ಸೆಂಟ್.